ಝಾಯನ್ ವಿಲಿಯಮ್ಸನ್ ತನ್ನ ಪ್ರತಿಭೆಯನ್ನು ಹಾಳು ಮಾಡಿಕೊಂಡನಾ? ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ನೋಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಹೆಸರು ಬಂದೇ ಬರುತ್ತದೆ. ಒಬ್ಬ "ಅಯ್ಯೋ ಪಾಪ" ಅನ್ನುತ್ತಾನೆ, ಇನ್ನೊಬ್ಬ "ತಿಂದು ಕೆಟ್ಟ" ಅನ್ನುತ್ತಾನೆ. ನನಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಅದಕ್ಕೇ ಜನ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಒಟ್ಟು ಹಾಕಿ ಉತ್ತರ ಬರೆದಿದ್ದೇನೆ. ಲೆಕ್ಕಗಳು 2024-25ರ ಸೀಸನ್ ಮುಗಿಯುವವರೆಗಿನವು. ಅವನನ್ನು ಏಕವಚನದಲ್ಲಿ ಕರೆದಿರುವುದು ಅಭಿಮಾನಿಯ ಸಲುಗೆಯಿಂದ, ತಪ್ಪು ತಿಳಿಯಬೇಡಿ.

ಯಾರಿವನು? ಅವನ ಮೇಲೆ ಅಷ್ಟೊಂದು ನಿರೀಕ್ಷೆ ಯಾಕಿತ್ತು?

ಹುಟ್ಟಿದ್ದು 2000ದ ಜುಲೈ 6ರಂದು, ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಬೆಳೆದದ್ದು ಪಕ್ಕದ ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ. ಅಮ್ಮ ಕಾಲೇಜಿನಲ್ಲಿ ಓಟಗಾರ್ತಿ. ಹೈಸ್ಕೂಲಿನಲ್ಲಿ ಇರುವಾಗಲೇ ಅವನ ಡಂಕ್‌ಗಳ (ಹಾರಿ ಚೆಂಡನ್ನು ಬುಟ್ಟಿಯೊಳಗೆ ತುರುಕುವುದು) ವಿಡಿಯೋ ಊರೂರು ಸುತ್ತಿದ್ದವು. ಆಮೇಲೆ ಡ್ಯೂಕ್ ವಿಶ್ವವಿದ್ಯಾಲಯ, ಕೋಚ್ ಮೈಕ್ ಶಶೆಫ್‌ಸ್ಕಿ. ಅಲ್ಲಿ ಆಡಿದ್ದು ಒಂದೇ ವರ್ಷ, 2018-19. ಪಂದ್ಯಕ್ಕೆ ಸರಾಸರಿ 22.6 ಪಾಯಿಂಟ್, ಎಸೆದ ಶಾಟ್‌ಗಳಲ್ಲಿ ನೂರಕ್ಕೆ 68 ಬುಟ್ಟಿಗೆ. ಕಾಲೇಜು ಆಟಗಾರರಿಗೆ ಸಿಗುವ ದೊಡ್ಡ ಪ್ರಶಸ್ತಿಗಳೆಲ್ಲ ಅವನಿಗೇ ಬಂದವು.

ಆದರೆ ಜನ ಬಾಯಿ ಬಿಟ್ಟುಕೊಂಡು ನೋಡಿದ್ದು ಅಂಕಿಗಳನ್ನಲ್ಲ, ಆ ಮೈಕಟ್ಟನ್ನು. ಎತ್ತರ 6 ಅಡಿ 6 ಇಂಚು. ಎನ್‌ಬಿಎ ಮಟ್ಟಿಗೆ ಇದೇನೂ ಜಾಸ್ತಿ ಅಲ್ಲ. ತೂಕ ಮಾತ್ರ ಸುಮಾರು 129 ಕಿಲೋ! ಅವನು ಲೀಗ್‌ಗೆ ಬಂದಾಗ ಅವನಿಗಿಂತ ಭಾರ ಎಂದು ಪಟ್ಟಿಯಲ್ಲಿದ್ದದ್ದು ಏಳೂಕಾಲು ಅಡಿ ಮೀರಿದ ಬೋಬಾನ್ ಮಾರ್ಯಾನೊವಿಚ್. ಇಷ್ಟು ಭಾರದ ಮನುಷ್ಯ ರಿಮ್‌ಗಿಂತ, ಅಂದರೆ ಬುಟ್ಟಿಯ ಬಳೆಗಿಂತ ಮೇಲೆ ತಲೆ ತಂದು, ಇಳಿದ ಕ್ಷಣವೇ ಮತ್ತೆ ಹಾರುತ್ತಿದ್ದ. ಎದುರಾಳಿ ಮೊದಲ ಸಲ ಹಾರಿ ಕೆಳಗೆ ಬರುವಷ್ಟರಲ್ಲಿ ಇವನ ಎರಡನೇ ಜಿಗಿತ ಮುಗಿದಿರುತ್ತಿತ್ತು. ಆನೆಗೆ ಚಿರತೆಯ ಕಾಲು ಜೋಡಿಸಿದ ಹಾಗೆ.

ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ 2019ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಇವನೇ ಎನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಯಾವ ತಂಡಕ್ಕೆ ಎನ್ನುವುದಷ್ಟೇ ಬಾಕಿ. ಮೊದಲ ಸರದಿ ಯಾರಿಗೆಂದು ತೀರ್ಮಾನಿಸುವ ಲಾಟರಿಯಲ್ಲಿ ಶೇ 6ರಷ್ಟು ಮಾತ್ರ ಅವಕಾಶ ಇದ್ದ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್‌ಗೆ ಅದೃಷ್ಟ ಖುಲಾಯಿಸಿತು.

ಶೂ ಹರಿದುಹೋದ ಕಥೆ ನಿಜಾನಾ?

ನಿಜ. 2019ರ ಫೆಬ್ರುವರಿ 20, ಡ್ಯೂಕ್ ಪರ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯ. ಬರಾಕ್ ಒಬಾಮಾ ಕೂಡ ನೋಡಲು ಬಂದಿದ್ದರು. ಪಂದ್ಯ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ತಿರುಗಲು ಎಡಗಾಲು ಊರಿದ, ನೈಕಿ ಶೂ ಅಡಿಭಾಗದಿಂದ ಕಿತ್ತುಬಂತು, ಮಂಡಿ ಉಳುಕಿತು. ಮರುದಿನ ಕಂಪನಿಯ ಷೇರು ಕೂಡ ಸುಮಾರು ಶೇ 1ರಷ್ಟು ಇಳಿಯಿತು. ಆಗ ಎಲ್ಲರೂ ಶೂ ನೋಡಿ ನಕ್ಕೆವು. ಆ ಶೂ ಮೇಲೆ ಬಿದ್ದ ಬಲ ಅದರೊಳಗಿನ ಪಾದದ ಮೇಲೂ ಬೀಳುತ್ತಿದೆಯಲ್ಲ ಎಂದು ಯೋಚಿಸಬೇಕಿತ್ತು.

ಸರಿ, ಒಟ್ಟು ಎಷ್ಟು ಪಂದ್ಯ ಆಡಿದ್ದಾನೆ?

ಮೊದಲ ವರ್ಷ 24. ಎರಡನೇ ವರ್ಷ 61. ಮೂರನೇ ವರ್ಷ ಸೊನ್ನೆ, ಒಂದೂ ಇಲ್ಲ. ನಾಲ್ಕನೇ ವರ್ಷ 29. ಐದನೇ ವರ್ಷ 70. ಆರನೇ ವರ್ಷ 30. ಎಲ್ಲ ಕೂಡಿದರೆ 214. ಈ ಆರು ಸೀಸನ್‌ಗಳಲ್ಲಿ ಪೆಲಿಕನ್ಸ್ ಆಡಿದ್ದು 472. ಅಂದರೆ ಅರ್ಧಕ್ಕಿಂತ ಜಾಸ್ತಿ ಪಂದ್ಯಗಳಲ್ಲಿ ಅವನು ಸೂಟು ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದ, ಇಲ್ಲವೇ ಊರಲ್ಲೇ ಇರಲಿಲ್ಲ.

ಪ್ಲೇಆಫ್, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತದ ಪಂದ್ಯ? ಒಂದೂ ಆಡಿಲ್ಲ. ತಂಡ ಆ ಅವಧಿಯಲ್ಲಿ ಎರಡು ಸಲ ಪ್ಲೇಆಫ್‌ಗೆ ಹೋಗಿದೆ, 2022ರಲ್ಲಿ ಮತ್ತು 2024ರಲ್ಲಿ. ಎರಡು ಸಲವೂ ಅವನಿಗೆ ಗಾಯ.

ಆಡಿದಾಗಲಾದರೂ ಹೇಳಿಕೊಳ್ಳುವ ಹಾಗೆ ಆಡುತ್ತಾನಾ, ಅಥವಾ ಸುಮ್ನೆ ಹವಾನಾ?

ಹವಾ ಅಲ್ಲ. ಇಲ್ಲೇ ಚರ್ಚೆ ದಾರಿ ತಪ್ಪುವುದು.

2020-21ರ ಸೀಸನ್ ತೆಗೆದುಕೊಳ್ಳಿ. ಆಗ ಅವನಿಗೆ 20 ವರ್ಷ. ಪಂದ್ಯಕ್ಕೆ 27 ಪಾಯಿಂಟ್, ಶೇ 61ರ ನಿಖರತೆ. ಸಾಮಾನ್ಯವಾಗಿ ಇಷ್ಟು ನಿಖರವಾಗಿ ಹೊಡೆಯುವವರು ಬುಟ್ಟಿಯ ಕೆಳಗೆ ನಿಂತು, ಬೇರೆಯವರು ಕೊಟ್ಟ ಚೆಂಡನ್ನು ಒಳಗೆ ಹಾಕುವ ಎತ್ತರದ ಸೆಂಟರ್‌ಗಳು. ಇವನು ಚೆಂಡನ್ನು ತಾನೇ ಅರ್ಧ ಕೋರ್ಟಿನಿಂದ ತಟ್ಟಿಕೊಂಡು ಬರುತ್ತಿದ್ದ. ಕೋಚ್ ಸ್ಟ್ಯಾನ್ ವ್ಯಾನ್ ಗಂಡಿ ಅವನ ಕೈಗೇ ಚೆಂಡು ಕೊಟ್ಟು ಆಟ ನಡೆಸು ಅಂದುಬಿಟ್ಟರು. ಎಡಗೈ ಆಟಗಾರ, ಎಡಕ್ಕೇ ಹೋಗುತ್ತಾನೆ ಎಂದು ಇಡೀ ಲೀಗ್‌ಗೆ ಗೊತ್ತು. ಆದರೂ ತಡೆಯಲು ಆಗುತ್ತಿರಲಿಲ್ಲ. ಪೇಂಟ್, ಅಂದರೆ ಬುಟ್ಟಿಯ ಮುಂದೆ ಬಣ್ಣ ಬಳಿದ ಜಾಗದ ಒಳಗಿನಿಂದಲೇ ಪಂದ್ಯಕ್ಕೆ 20ಕ್ಕೂ ಜಾಸ್ತಿ ಪಾಯಿಂಟ್ ಮಾಡುತ್ತಿದ್ದ. ಶಾಕಿಲ್ ಓನೀಲ್ ಅವರ ಕಾಲದ ನಂತರ ಅಂಥದ್ದನ್ನು ಯಾರೂ ನೋಡಿರಲಿಲ್ಲ.

ಮೊದಲ ಪಂದ್ಯವನ್ನಂತೂ ನಾನು ಮರೆಯುವ ಹಾಗಿಲ್ಲ. 2020ರ ಜನವರಿ 22, ನಮ್ಮಲ್ಲಿ ಗುರುವಾರ ಬೆಳಗ್ಗೆ. ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿ, ಸೀಸನ್‌ನ ಅರ್ಧ ಕಳೆದ ಮೇಲೆ ಕಣಕ್ಕಿಳಿದಿದ್ದ. ಮೂರು ಕ್ವಾರ್ಟರ್ ಪೇಲವ ಆಟ. ಲ್ಯಾಪ್‌ಟಾಪ್ ಮುಚ್ಚಿ ಆಫೀಸಿಗೆ ಹೊರಡೋಣ ಅಂತಿದ್ದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂರು ನಿಮಿಷ ಚಿಲ್ಲರೆಯಲ್ಲಿ ಸತತ 17 ಪಾಯಿಂಟ್! ಅದರಲ್ಲಿ ನಾಲ್ಕು ತ್ರೀ ಪಾಯಿಂಟರ್ (ದೂರದಿಂದ ಎಸೆದು ಮೂರು ಪಾಯಿಂಟ್ ತರುವ ಶಾಟ್), ನಾಲ್ಕೂ ಒಳಗೆ. ಸೋಲುತ್ತಿದ್ದ ತಂಡ ಮುಂದೆ ಬಂತು. ಅಷ್ಟರಲ್ಲಿ ವೈದ್ಯರು ಕೊಟ್ಟ ನಿಮಿಷಗಳ ಮಿತಿ ಮುಗಿಯಿತೆಂದು ಹೊರಗೆ ಕೂರಿಸಿದರು. ಜನ ಅವನ ಹೆಸರು ಕೂಗುತ್ತಲೇ ಇದ್ದರು. ಸ್ಯಾನ್ ಆಂಟೋನಿಯೊ ಸ್ಪರ್ಸ್ ಗೆದ್ದಿತು. ಆರು ವರ್ಷದ ಕಥೆಯೆಲ್ಲ ಆ ಒಂದೇ ಬೆಳಗ್ಗೆ ಇತ್ತು ನೋಡಿ.

ಹಾಗಾದರೆ ಗಾಯ ಯಾಕೆ ಪದೇ ಪದೇ?

ಒಂದೇ ಗಾಯ ಮರುಕಳಿಸುತ್ತಿದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 2019ರ ಅಕ್ಟೋಬರ್‌ನಲ್ಲಿ ಬಲಮಂಡಿಯ ಮೆನಿಸ್ಕಸ್ ಹರಿಯಿತು. ಮಂಡಿಯ ಎರಡು ಎಲುಬುಗಳ ನಡುವೆ ಮೆತ್ತೆಯ ಥರ ಇರುವ ಭಾಗ ಅದು. 2021ರಲ್ಲಿ ಬಲಪಾದದ ಮೂಳೆ ಮುರಿಯಿತು, ಕಿರುಬೆರಳಿನ ಕಡೆಯ ಉದ್ದ ಮೂಳೆ. ಅಲ್ಲಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅವನಿಗೆ ಇಡೀ ವರ್ಷವೇ ಬೇಕಾಯಿತು. 2023ರ ಜನವರಿ 2ರಂದು ಫಿಲಡೆಲ್ಫಿಯಾದಲ್ಲಿ ಬಲ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು. ಮೂರು ವಾರದಲ್ಲಿ ಮತ್ತೆ ನೋಡೋಣ ಅಂದರು, ಫೆಬ್ರುವರಿಯಲ್ಲಿ ಅದೇ ಜಾಗ ಮತ್ತೆ ಹಿಡಿಯಿತು, ಸೀಸನ್ ಮುಗಿಯಿತು. 2024ರ ಏಪ್ರಿಲ್‌ನಲ್ಲಿ ಎಡ ಹ್ಯಾಮ್‌ಸ್ಟ್ರಿಂಗ್. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಎಡ ಹ್ಯಾಮ್‌ಸ್ಟ್ರಿಂಗ್. 2025ರ ಮಾರ್ಚ್‌ನಲ್ಲಿ ಬೆನ್ನಿನ ಕೆಳಭಾಗಕ್ಕೆ ಪೆಟ್ಟು.

ಕಾರಣ ಒಂದಲ್ಲ. ಮೊದಲನೆಯದು ಭಾರ ಮತ್ತು ಜಿಗಿತ ಒಂದೇ ಮೈಯಲ್ಲಿರುವುದು. ಹಾರಿ ಇಳಿಯುವಾಗ ಕಾಲಿನ ಮೇಲೆ ಬೀಳುವ ಹೊರೆ ಮೈತೂಕದ ಹಲವು ಪಟ್ಟು. ಭಾರದವರು ಸಾಮಾನ್ಯವಾಗಿ ಇಷ್ಟು ಹಾರುವುದಿಲ್ಲ, ಇಷ್ಟು ಹಾರುವವರು ಇಷ್ಟು ಭಾರ ಇರುವುದಿಲ್ಲ. ಎರಡನೆಯದು ಅವನ ಆಟದ ರೀತಿ. ಜೋರಾಗಿ ನುಗ್ಗಿ, ಗಕ್ಕನೆ ನಿಂತು, ಸೊಂಟ ತಿರುಗಿಸಿ ಮೇಲೇಳುವುದು. ಹ್ಯಾಮ್‌ಸ್ಟ್ರಿಂಗ್‌ಗೆ ಇದೇ ದೊಡ್ಡ ಶತ್ರು. ಮೂರನೆಯದು, ಒಮ್ಮೆ ಹರಿದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ. ಕ್ರೀಡಾ ವೈದ್ಯರು ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಮೊದಲ ವರ್ಷವೇ ಪೆಲಿಕನ್ಸ್‌ನವರು ಅವನಿಗೆ ನಡೆಯುವುದು, ಓಡುವುದನ್ನೇ ಹೊಸದಾಗಿ ಕಲಿಸಲು ಹೊರಟಿದ್ದರು. ಜನ ಆಗ ಗೇಲಿ ಮಾಡಿದರು. ನನಗೇನೋ ಅದು ಸರಿಯಾದ ಯೋಚನೆ ಅನ್ನಿಸುತ್ತದೆ.

ಒಟ್ಟಿನಲ್ಲಿ ಅವನನ್ನು ದೊಡ್ಡವನನ್ನಾಗಿ ಮಾಡಿದ್ದೂ ಆ ಮೈಯೇ, ಕೂರಿಸಿದ್ದೂ ಆ ಮೈಯೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ ಎಂದರೆ ಹೇಗೆ?

ತೂಕ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಅಲ್ವಾ?

ಎಲ್ಲರೂ ಕೊಡುವ ಉಪದೇಶ ಇದು. ಪೂರ್ತಿ ಸುಳ್ಳಲ್ಲ. ಆದರೆ 2023-24ರಲ್ಲಿ ಏನಾಯಿತು ನೋಡಿ.

ಡಿಸೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ, ಸೀಸನ್ ನಡುವೆಯೇ ನಡೆಯುವ ಇನ್-ಸೀಸನ್ ಟೂರ್ನಿಯ ಸೆಮಿಫೈನಲ್. ಲೇಕರ್ಸ್ ಎದುರು 133-89, ಅಂದರೆ 44 ಪಾಯಿಂಟ್‌ಗಳ ಸೋಲು. ಝಾಯನ್ 13 ಪಾಯಿಂಟ್ ಮಾಡಿ ಏದುಸಿರು ಬಿಡುತ್ತಾ ನಿಂತಿದ್ದ. ಟಿವಿ ಸ್ಟುಡಿಯೋದಲ್ಲಿ ಹಳೆಯ ದಿಗ್ಗಜರಾದ ಶಾಕ್ (ಶಾಕಿಲ್ ಓನೀಲ್) ಮತ್ತು ಚಾರ್ಲ್ಸ್ ಬಾರ್ಕ್ಲಿ ಅವನ ಮೈ ಬಗ್ಗೆ, ಓಟದ ಬಗ್ಗೆ ಮುಲಾಜಿಲ್ಲದೆ ಮಾತಾಡಿದರು. ಬಾರ್ಕ್ಲಿಗೆ ಅದನ್ನು ಹೇಳುವ ಹಕ್ಕಿದೆ ಅನ್ನಿ, ತಾವು ಹೊಸಬರಾಗಿದ್ದಾಗ ತಂಡದ ಹಿರಿಯ ಆಟಗಾರ ಮೋಸೆಸ್ ಮ್ಯಾಲೋನ್ ಬಾಯಿಂದ ಇದೇ ಬೈಗುಳ ತಿಂದು ತೂಕ ಇಳಿಸಿದವರು.

ಹುಡುಗನಿಗೆ ನಾಟಿತು. ಸೀಸನ್ ಮುಗಿಯುವ ಹೊತ್ತಿಗೆ ಸುಮಾರು 11 ಕಿಲೋ ಇಳಿಸಿದ್ದಾನೆ ಎಂದು ವರದಿಯಾಯಿತು. ಕಣ್ಣಿಗೂ ಕಾಣುತ್ತಿತ್ತು. ಆ ವರ್ಷ 70 ಪಂದ್ಯ ಆಡಿದ, ತಂಡ 49 ಗೆದ್ದಿತು. ಏಪ್ರಿಲ್ 16ರಂದು ಪ್ಲೇಆಫ್ ಪ್ರವೇಶಕ್ಕಾಗಿ ಆಡುವ ಪ್ಲೇ-ಇನ್ ಪಂದ್ಯ, ಎದುರಿಗೆ ಅದೇ ಲೇಕರ್ಸ್. ಝಾಯನ್ 40 ಪಾಯಿಂಟ್, 11 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯುವುದು). ಲೆಬ್ರಾನ್ ಜೇಮ್ಸ್, ಆಂಥನಿ ಡೇವಿಸ್ ಇದ್ದ ತಂಡದ ಎದುರು ಒಬ್ಬನೇ ಆಟ ಎಳೆದುಕೊಂಡು ಬಂದ. ಕೊನೆಯ ನಿಮಿಷಗಳಲ್ಲಿ ಎಡಕ್ಕೆ ನುಗ್ಗಿ ಚೆಂಡು ಹಾಕಿ 95-95 ಸಮ ಮಾಡಿದ. ಆ ಶಾಟ್‌ನಲ್ಲೇ ಹ್ಯಾಮ್‌ಸ್ಟ್ರಿಂಗ್ ಹಿಡಿಯಿತು. ಟವೆಲ್ಲು ನೆಲಕ್ಕೆ ಬಿಸಾಡಿ ಒಳಗೆ ನಡೆದ. ತಂಡ 110-106ರಲ್ಲಿ ಸೋತಿತು. ಮೂರು ದಿನದ ಮೇಲೆ ಸ್ಯಾಕ್ರಮೆಂಟೊ ವಿರುದ್ಧ ಗೆದ್ದು ಪ್ಲೇಆಫ್ ಸೇರಿತು, ಅಲ್ಲಿ ಒಕ್ಲಹೋಮ ಸಿಟಿ ಎದುರು 4-0 ಸೋಲು. ಇವನು ಆಡಲಿಲ್ಲ.

ಅಂದರೆ ತೂಕ ಇಳಿಸಿದ ಮೇಲೂ, ಬದುಕಿನ ಅತಿ ದೊಡ್ಡ ರಾತ್ರಿಯಲ್ಲಿ, ಚೆನ್ನಾಗಿ ಆಡುತ್ತಿರುವಾಗಲೇ ಕಾಲು ಕೈಕೊಟ್ಟಿತು. "ತಿನ್ನೋದು ಬಿಟ್ಟರೆ ಸಾಕು" ಅನ್ನುವವರಿಗೆ ನಾನು ಈ ಪಂದ್ಯ ತೋರಿಸುತ್ತೇನೆ. 70 ಪಂದ್ಯ ಆಡಲು ತೂಕ ಇಳಿದದ್ದು ಸಹಾಯ ಮಾಡಿರಬಹುದು. ಅದೊಂದೇ ಮದ್ದಲ್ಲ ಅಷ್ಟೆ.

ಹಾಗಾದರೆ ಅವನದೇನೂ ತಪ್ಪಿಲ್ಲ ಅಂತೀರಾ?

ಇಲ್ಲಪ್ಪ, ಇದೆ. ಅಭಿಮಾನಿ ಅಂತ ಕಣ್ಣು ಮುಚ್ಚಿಕೊಳ್ಳುವುದಿಲ್ಲ.

2021-22ರಲ್ಲಿ ಪಾದ ಮುರಿದುಕೊಂಡಾಗ ವಾರಗಟ್ಟಲೆ ತಂಡದಿಂದ ದೂರ, ಆರೆಗಾನ್‌ನ ಪೋರ್ಟ್‌ಲೆಂಡ್‌ನಲ್ಲಿದ್ದು ಚೇತರಿಸಿಕೊಂಡ. ಇತ್ತ ತಂಡ ಪ್ಲೇಆಫ್‌ಗಾಗಿ ಒದ್ದಾಡುತ್ತಿತ್ತು. 2023ರ ಏಪ್ರಿಲ್‌ನಲ್ಲಿ, ಎಲ್ಲವನ್ನೂ ಮಾಡಬಲ್ಲೆ, ಆದರೆ ನಾನು ಝಾಯನ್ ಅಂತ ನನಗೇ ಅನಿಸಬೇಕು ಎಂಬರ್ಥದ ಮಾತು ಹೇಳಿದ. ಗಾಯದ ಭಯ ಅರ್ಥವಾಗುತ್ತದೆ. ಆದರೆ ಸೀಸನ್ ಕೈಜಾರುತ್ತಿರುವಾಗ ತಂಡದವರ ಕಿವಿಗೆ ಅದು ಹೇಗೆ ಕೇಳಿಸಿರಬೇಡ? 2025ರ ಜನವರಿಯಲ್ಲಿ, ಗಾಯದಿಂದ ವಾಪಸ್ ಬಂದ ವಾರದಲ್ಲೇ ತಂಡದ ವಿಮಾನಕ್ಕೆ ತಡವಾಗಿ ಬಂದ. ತಂಡ ಒಂದು ಪಂದ್ಯದ ಮಟ್ಟಿಗೆ ಅಮಾನತು ಮಾಡಿತು. ಅವನು ಕ್ಷಮೆ ಕೇಳಿದ. ಪೂರ್ತಿ ಸಂಬಳ, ಅರ್ಧ ಪಂದ್ಯ ಅಂತ ಜನ ಲೆಕ್ಕ ಹಾಕುತ್ತಿರುವಾಗ ವಿಮಾನಕ್ಕೆ ಮೊದಲು ಬಂದು ಕೂರಬೇಕಾದವನು ಇವನೇ ಅಲ್ವಾ?

ಸೋಮಾರಿ ಅನ್ನುವ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. ಸೋಮಾರಿ ರೀಬೌಂಡ್‌ಗೆ ಮೂರು ಸಲ ಹಾರುವುದಿಲ್ಲ. ಶಿಸ್ತು ಕಡಿಮೆ ಅನ್ನಿ, ಒಪ್ಪುತ್ತೇನೆ. 19ನೇ ವಯಸ್ಸಿಗೇ ಬೇಕಾದ್ದೆಲ್ಲ ಕೈಗೆ ಬಂದವನಿಗೆ ದಿನವೂ ಬೇಸರ ತರಿಸುವ ಕೆಲಸ ಇದೆ, ಸ್ಟ್ರೆಚಿಂಗ್, ಪಥ್ಯ, ನಿದ್ದೆ. ಅದನ್ನು ಅಭ್ಯಾಸ ಮಾಡಿಕೊಳ್ಳುವುದು ತಡವಾಯಿತು.

ಒಪ್ಪಂದದಲ್ಲಿ ತೂಕದ ಷರತ್ತು ಇದೆಯಂತೆ?

2022ರ ಜುಲೈನಲ್ಲಿ ಐದು ವರ್ಷಕ್ಕೆ 19 ಕೋಟಿ ಡಾಲರ್ ಮೀರಿದ ಒಪ್ಪಂದವಾಯಿತು. ಷರತ್ತು ಪೂರೈಸಿದ್ದರೆ 23 ಕೋಟಿ ದಾಟುವ ಅವಕಾಶವೂ ಇತ್ತು. ಅದರಲ್ಲಿ ಕಾಲಕಾಲಕ್ಕೆ ತೂಕ ನೋಡುವ ಕಟ್ಟಳೆ ಇದೆ ಎಂದು ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಪೌಂಡ್ ಲೆಕ್ಕದ ತೂಕ ಮತ್ತು ಮೈಕೊಬ್ಬಿನ ಶೇಕಡಾ ಎರಡನ್ನೂ ಕೂಡಿದರೆ 295ರ ಒಳಗೆ ಇರಬೇಕಂತೆ. ಆಡಿದ ಪಂದ್ಯಗಳ ಸಂಖ್ಯೆಗೂ ಹಣದ ಖಾತರಿಗೂ ಗಂಟು ಹಾಕಿದ್ದಾರೆ. ಮದುವೆ ಮಾಡಿಕೊಟ್ಟು ತಿಂಗಳಿಗೊಮ್ಮೆ ಅಳಿಯನನ್ನು ತಕ್ಕಡಿ ಮೇಲೆ ನಿಲ್ಲಿಸಿದ ಹಾಗಾಯಿತು.

ತಂಡದ ತಪ್ಪು ಎಷ್ಟು?

ಸಾಕಷ್ಟಿದೆ. ಮೊದಲ ಮೂರು ಸೀಸನ್‌ನಲ್ಲಿ ಮೂವರು ಕೋಚ್‌ಗಳು: ಆಲ್ವಿನ್ ಜೆಂಟ್ರಿ, ವ್ಯಾನ್ ಗಂಡಿ, ವಿಲ್ಲಿ ಗ್ರೀನ್. ಅವನೊಡನೆ ಚೆನ್ನಾಗಿ ಹೊಂದಿಕೊಂಡಿದ್ದ ಲೊಂಜೊ ಬಾಲ್‌ನನ್ನು 2021ರಲ್ಲಿ ಬಿಟ್ಟುಕೊಟ್ಟರು. ಪಾದ ಮುರಿದ ಸುದ್ದಿಯನ್ನೂ ಬೇಸಿಗೆಯಿಡೀ ಹೊರಗೆ ಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೇಳಿದ್ದು, ಅದೂ ಸೀಸನ್ ಶುರುವಾಗುವ ಹೊತ್ತಿಗೆ ಬರುತ್ತಾನೆ ಎಂಬ ಭರವಸೆ ಸೇರಿಸಿ. ಬರಲಿಲ್ಲ. ಜನರ ನಂಬಿಕೆ ಸವೆದದ್ದು ಅಲ್ಲಿಂದಲೇ.

ಮತ್ತೆ ಗಾಯ ಇವನೊಬ್ಬನದೇ ಅಲ್ಲ. 2024-25ರಲ್ಲಿ ಹೊಸದಾಗಿ ಬಂದ ಡಿಜಾಂಟೆ ಮರ್ರಿ ಮೊದಲ ಪಂದ್ಯದಲ್ಲೇ ಕೈ ಮುರಿದುಕೊಂಡ, ಜನವರಿಯಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ತಂಡ 21 ಗೆದ್ದು 61 ಸೋತಿತು. ಇಂಥ ಮನೆಯಲ್ಲಿ ಯಾರ ಜಾತಕ ಸರಿಯಿದ್ದೀತು?

ಅದೇ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಬಂದ ಜಾ ಮೊರಾಂಟ್‌ನನ್ನೇ ಆರಿಸಬೇಕಿತ್ತಾ?

ಆಗ ಹಾಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಈಗ ನೋಡಿದರೆ ಮೊರಾಂಟ್ ಅದೇ ಆರು ವರ್ಷದಲ್ಲಿ 300ಕ್ಕೂ ಹೆಚ್ಚು ಪಂದ್ಯ ಆಡಿದ್ದಾನೆ, ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದಿದ್ದಾನೆ, ಪ್ಲೇಆಫ್ ಕಂಡಿದ್ದಾನೆ. ಆದರೆ ಅವನ ದಾರಿಯೂ ಹೂವಿನದಲ್ಲ. 25 ಪಂದ್ಯಗಳ ಅಮಾನತು, ಭುಜದ ಶಸ್ತ್ರಚಿಕಿತ್ಸೆ, 2023-24ರಲ್ಲಿ ಆಡಿದ್ದು 9 ಪಂದ್ಯ ಮಾತ್ರ.

ಗ್ರೆಗ್ ಓಡೆನ್‌ಗೆ ಹೋಲಿಸುವುದು ಸರಿಯೇ?

ಅಲ್ಲ. 2007ರಲ್ಲಿ ಕೆವಿನ್ ಡ್ಯುರಾಂಟ್‌ಗಿಂತ ಮೊದಲು ಆಯ್ಕೆಯಾದ ಓಡೆನ್, ಮಂಡಿ ಹಾಳಾಗಿ ಒಟ್ಟು ಆಡಿದ್ದು 105 ಪಂದ್ಯ. ಅವನ ದೊಡ್ಡ ಆಟ ಹೇಗಿರುತ್ತಿತ್ತು ಎಂಬುದನ್ನು ನಾವು ನೋಡಲೇ ಇಲ್ಲ. ಝಾಯನ್‌ನದನ್ನು ನೋಡಿದ್ದೇವೆ. ಹೊಟ್ಟೆ ಉರಿಯುವುದೂ ಅದಕ್ಕೇ.

ಹತ್ತಿರದ ಹೋಲಿಕೆ ಜೋಯಲ್ ಎಂಬೀಡ್. 2014ರಲ್ಲಿ ಆಯ್ಕೆಯಾಗಿ ಪಾದದ ಗಾಯದಿಂದ ಎರಡು ವರ್ಷ ಒಂದೂ ಪಂದ್ಯ ಆಡಲಿಲ್ಲ, 2023ರಲ್ಲಿ ಎಂವಿಪಿ, ಅಂದರೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ ಆದ. ಸ್ಟೆಫ್ ಕರಿಯನ್ನೂ ನೆನೆಸಿಕೊಳ್ಳಿ. 2011-12ರಲ್ಲಿ ಪಾದದ ಗಂಟು ಕೈಕೊಟ್ಟು 26 ಪಂದ್ಯ ಮಾತ್ರ ಆಡಿದ. ಗಂಟನ್ನಷ್ಟೇ ನೋಡದೆ ಸೊಂಟದ ಬಲ ಹೆಚ್ಚಿಸಿ, ಹೊರೆ ಹೊರುವ ಜಾಗವನ್ನೇ ಬದಲಿಸಿದರು. ಆದರೆ ಕರಿ ದೂರದಿಂದ ಎಸೆಯುವವನು. ಝಾಯನ್ ಗುಂಪಿನೊಳಗೆ ನುಗ್ಗುವವನು.

ಆಟದಲ್ಲಿ ಅವನು ಬೆಳೆಯದೇ ಉಳಿದದ್ದು ಏನು?

ದೂರದ ಶಾಟ್. ಆ ಮೊದಲ ಪಂದ್ಯದ ನಾಲ್ಕು ತ್ರೀ ಪಾಯಿಂಟರ್ ಕಂಡು ನಾವೆಲ್ಲ ಮೋಸ ಹೋದೆವು. ಆಮೇಲೆ ಅವನು ಅದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಶೇ 70ರ ಆಸುಪಾಸು, ಇಷ್ಟು ಫೌಲ್ ಗಿಟ್ಟಿಸುವವನಿಗೆ ಅದು ಸಾಲದು. ಡಿಫೆನ್ಸ್ ಮನಸ್ಸಿದ್ದ ದಿನ ಚೆನ್ನ.

ಬೆಳೆದದ್ದು ಪಾಸ್. ಈಗ ಇಬ್ಬರು ಮೈಮೇಲೆ ಬಿದ್ದರೆ ಮೂಲೆಯಲ್ಲಿ ನಿಂತ ಗೆಳೆಯ ಅವನ ಕಣ್ಣಿಗೆ ಬೀಳುತ್ತಾನೆ. 2024-25ರಲ್ಲಿ ಪಂದ್ಯಕ್ಕೆ 24.6 ಪಾಯಿಂಟ್ ಜೊತೆಗೆ 5.3 ಅಸಿಸ್ಟ್ (ಪಾಯಿಂಟ್ ತಂದುಕೊಟ್ಟ ಪಾಸ್). ಆ ಫೆಬ್ರುವರಿಯಲ್ಲಿ ಫೀನಿಕ್ಸ್ ಎದುರು ಮೊದಲ ಟ್ರಿಪಲ್ ಡಬಲ್ ಬಂತು, ಅಂದರೆ ಪಾಯಿಂಟ್, ರೀಬೌಂಡ್, ಅಸಿಸ್ಟ್ ಮೂರೂ ಎರಡಂಕಿ. ಸುದ್ದಿ ಮಾಡಿದವರು ಕಡಿಮೆ, ಅಷ್ಟರಲ್ಲಿ ಜನ ಅವನ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಇನ್ನೂ ಟೈಮ್ ಇದೆಯಾ?

ವಯಸ್ಸು ಲೆಕ್ಕ ಹಾಕಿದರೆ ಇದೆ. 25 ತುಂಬಿದ್ದು 2025ರ ಜುಲೈನಲ್ಲಿ. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ತಂಡದ ಆಡಳಿತಕ್ಕೆ ಜೋ ಡುಮಾರ್ಸ್ ಬಂದರು. ಸೆಪ್ಟೆಂಬರ್‌ನಲ್ಲಿ ಝಾಯನ್ ಕಣ್ಣಿಗೆ ಕಾಣುವಷ್ಟು ತೆಳ್ಳಗಾಗಿ ಬಂದ. ನನ್ನ ಆಸೆ ಹೇಳಲಾ? ಅವನು ಹಾರುವುದನ್ನು ಕಡಿಮೆ ಮಾಡಲಿ. ಅಭಿಮಾನಿಯ ಬಾಯಲ್ಲಿ ಬರಬಾರದ ಮಾತು, ಗೊತ್ತು. ಎದೆಯ ಬಲ, ಕೈಯ ನಯ, ಪಾಸ್ ಇಷ್ಟರಲ್ಲೇ 20 ಪಾಯಿಂಟ್ ಮಾಡಿ, ವರ್ಷಕ್ಕೆ 65 ಪಂದ್ಯ ಆಡುವ ಝಾಯನ್ ಇದ್ದರೆ ಸಾಕು. 19ರ ಹುಡುಗನ ಆಟವನ್ನೇ ಇನ್ನೂ ಆಡುತ್ತಿದ್ದರೆ ಅದೇ ಪಾಡು.

ಹೊಸದಾಗಿ ನೋಡುವವನು ಯಾವ ಪಂದ್ಯದಿಂದ ಶುರು ಮಾಡಲಿ?

ನ್ಯೂ ಆರ್ಲಿಯನ್ಸ್‌ನ ಸಂಜೆ ಏಳು ಗಂಟೆ ಅಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ ಐದೂವರೆ ಅಥವಾ ಆರೂವರೆ, ನೇರಪ್ರಸಾರಕ್ಕೆ ಅಲಾರಂ ಇಟ್ಟುಕೊಳ್ಳಿ. ಆದರೆ ಅವನು ಆಡುತ್ತಿದ್ದಾನಾ ಎಂದು ಹಿಂದಿನ ರಾತ್ರಿಯೇ ಗಾಯಾಳುಗಳ ಪಟ್ಟಿ ನೋಡಿ ಮಲಗಿ, ನಿದ್ದೆಗೆಟ್ಟು ನನಗೆ ಬುದ್ಧಿ ಬಂದಿದೆ. ಹಳೆಯ ಪಂದ್ಯ ಬೇಕಾದರೆ 2024ರ ಏಪ್ರಿಲ್ 16ರದ್ದು. ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂರು ನಿಮಿಷ ಚಿಲ್ಲರೆ ಉಳಿದಾಗ ಸ್ಕೋರು 95-95 ಆಗುತ್ತದೆ. ಬೇಕಿದ್ದರೆ ಅಲ್ಲಿಗೇ ನಿಲ್ಲಿಸಿಬಿಡಿ.